ಆಗಸ್ಟಿನಲ್ಲಿ ಎಣಿಸಿದ ಅರ್ಫಜ್

ಅರ್ಫಜ್ ಕುವೈತಿನ ರಾಷ್ಟ್ರೀಯ ಹೂವು. ಮೊಣಕಾಲೆತ್ತರದ ಪೊದೆ, ಬೆರಳ ತುದಿಯಷ್ಟು ಹಳದಿ ಹೂ. ಒಂದು ಕಾಲಕ್ಕೆ ಈ ಮರುಭೂಮಿಯ ಉದ್ದಗಲಕ್ಕೂ ಇತ್ತಂತೆ. ಒಂಟೆ, ಕುರಿಗಳು ಮೇಯ್ದು, ಚಳಿಗಾಲದಲ್ಲಿ ಡೇರೆ ಹಾಕುವವರು ಕಿತ್ತು ಉರಿಸಿ, ಗಾಡಿಗಳ ಚಕ್ರಕ್ಕೆ ಸಿಕ್ಕಿ, ಈಗ ಹೆಚ್ಚಾಗಿ ಬೇಲಿಯ ಒಳಗೆ ಮಾತ್ರ ಉಳಿದಿದೆ. ಎಣ್ಣೆ ಬಾವಿಗಳಿಗೆಂದು ಹಾಕಿದ ಬೇಲಿ ಹೂವನ್ನೂ ಕಾಯುತ್ತಿದೆ. ಬೇಲಿಯ ಹೊರಗೆ, ವಫ್ರಾ ರಸ್ತೆಯಿಂದ ಸ್ವಲ್ಪ ಒಳಕ್ಕೆ, ಒಂದು ತುಂಡು ಜಾಗದಲ್ಲಿ ಅದು ಹೇಗೋ ಬದುಕಿಕೊಂಡಿತ್ತು. ಅದನ್ನು ಕೊಂದವನು ನಾನು.

ಹಾಗೆಂದರೆ ಆಫೀಸಿನಲ್ಲಿ ನಗುತ್ತಾರೆ. ಬುಲ್ಡೋಜರ್ ಓಡಿಸಿದ್ದು ನೀನಾ ಎಂದು ಕೇಳುತ್ತಾರೆ. ಅಲ್ಲ, ನನ್ನ ಕೈಯಲ್ಲಿದ್ದದ್ದು ಒಂದು ಪೆನ್ನು.

ಅಹ್ಮದಿಯ ಒಂದು ಕಾಂಟ್ರಾಕ್ಟ್ ಕಂಪನಿಯಲ್ಲಿ ವರ್ಷಗಟ್ಟಲೆ ಸ್ಟೋರ್ ನೋಡಿಕೊಂಡಿದ್ದ ನನ್ನನ್ನು ಗಿಡ ಎಣಿಸುವ ಕೆಲಸಕ್ಕೆ ಹಾಕಿ ಎರಡು ತಿಂಗಳಾಗಿತ್ತು. ಎಲ್ಲಾದರೂ ಪೈಪು, ಸಾಮಾನು ಪೇರಿಸುವ ಹೊಸ ಯಾರ್ಡ್ ಬರುವ ಮೊದಲು ಆ ನೆಲದಲ್ಲಿ ಏನೇನಿದೆ ಎಂದು ನೋಡಿ ಬರಬೇಕು. ಹಗ್ಗದಿಂದ ಚೌಕ ಹಾಕುತ್ತೇವೆ, ಒಳಗಿನ ಗಿಡಗಳನ್ನು ಒಂದೊಂದಾಗಿ ಎಣಿಸುತ್ತೇವೆ, ಫಾರಂನಲ್ಲಿ ‘ಜೀವಂತ’ ಅಥವಾ ‘ಸತ್ತಿದೆ’ ಎಂಬಲ್ಲಿ ಗೀಟು ಹಾಕುತ್ತೇವೆ. ಇದೆಲ್ಲ ಚಳಿಗಾಲದ ಮಳೆ ಬಂದು ಗಿಡ ಚಿಗುರಿದ ಮೇಲೆ ಆಗಬೇಕಾದ್ದು. ಆ ವರ್ಷ ಯಾರಿಗೋ ಅವಸರ, ವಫ್ರಾ ರಸ್ತೆಯ ಆ ತುಂಡು ಜಾಗಕ್ಕೆ ಆಗಸ್ಟಿನಲ್ಲಿ ಕಳಿಸಿದರು.

ಆಗಸ್ಟಿನಲ್ಲಿ ಹನ್ನೊಂದರ ಮೇಲೆ ಹೊರಗೆ ಕೆಲಸ ಮಾಡಿಸುವಂತಿಲ್ಲ. ಅಷ್ಟರೊಳಗೆ ಖಲಾಸ್ ಮಾಡಿ ಕಾರಿನ ಏಸಿಗೆ ಓಡುವುದೊಂದೇ ನನ್ನ ತಲೆಯಲ್ಲಿ. ಗಿಡಗಳಲ್ಲಿ ಒಂದೆಲೆ ಇರಲಿಲ್ಲ, ಬರೀ ಬೂದು ಕಡ್ಡಿ. ನಾನು ಕರಾವಳಿಯವನು, ವರ್ಷವಿಡೀ ಹಸಿರು ಕಂಡು ಬೆಳೆದವನು. ಗಿಡ ಬದುಕಿದೆಯೇ ಎಂದು ತಿಳಿಯಲು ಅಮ್ಮ ದಾಸವಾಳದ ಗೆಲ್ಲನ್ನು ಉಗುರಿನಿಂದ ಕೆರೆಯುತ್ತಿದ್ದಳು. ಒಳಗೆ ಹಸಿರಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಾನೂ ಕೆರೆದೆ. ಹಸಿರಿರಲಿಲ್ಲ. ಮುರಿದೆ, ಲಟಕ್ಕೆಂದಿತು. ಸತ್ತಿದೆ, ಸತ್ತಿದೆ, ಸತ್ತಿದೆ ಎಂದು ಗೀಟು ಎಳೆಯುತ್ತಾ ಹೋದೆ.

ನಮ್ಮ ಡ್ರೈವರ್ ಉಪ್ಪಿನಂಗಡಿ ಕಡೆಯ ಬ್ಯಾರಿ; ನನಗೆ ಅವರು ಸಾಯ್ಬರು, ಕ್ರಿಶ್ಚನನಾದ ನಾನು ಅವರಿಗೆ ಪೊರ್ಬು. ನನಗಿಂತ ಹಿರಿಯರು, ವಫ್ರಾದ ತೋಟಗಳಲ್ಲಿ ಬಹಳ ವರ್ಷ ದುಡಿದವರು. ಕಾರಿನಿಂದ ಇಳಿದು ಬಂದು ಬಗ್ಗಿ ನೋಡಿದರು.

“ಪೊರ್ಬುಗಳೇ, ಇದು ಸತ್ತದ್ದಲ್ಲ ಮಾರಾಯ್ರೆ. ಬೇಸಗೆಗೆ ಹೀಗೇ ಇರುವುದು. ಬುಡದ ಮಣ್ಣು ಸ್ವಲ್ಪ ತೆಗೆದು ನೋಡಿ.”

“ಕಡ್ಡಿ ನೋಡಿ ಸಾಯ್ಬರೇ, ಕಡ್ಡಿ! ಒಲೆಗೆ ಹಾಕಿದ್ರೆ ಹೊಗೆ ಸಹ ಬರ್ಲಿಕ್ಕಿಲ್ಲ. ಯಲ್ಲಾ, ಹೋಗುವ.”

ಅವರು ಕಾರಿಗೆ ವಾಪಸು ಹೋದರು. ಡ್ರೈವರ್ ಹೇಳಿದ್ದನ್ನು ನಾನು ಕೇಳುವುದೇ ಎಂಬ ದೊಡ್ಡಸ್ತಿಕೆ ನನಗೆ. ಬುಡದ ಮಣ್ಣು ತೆಗೆಯಲು ಒಂದು ನಿಮಿಷ ಸಾಕಿತ್ತು. ಇದನ್ನು ಬರೆಯುವಾಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮಗಳು ಹುಟ್ಟಿದ್ದು ಇಲ್ಲೇ. ಪ್ರತಿ ಫೆಬ್ರವರಿಯಲ್ಲಿ, ಕುವೈತಿನ ರಾಷ್ಟ್ರೀಯ ದಿನಕ್ಕೆಂದು, ಶಾಲೆಯ ಚಾರ್ಟಿಗೆ ಅರ್ಫಜ್ ಬಿಡಿಸುತ್ತಿದ್ದಳು. ಕಣ್ಣಾರೆ ಒಂದನ್ನೂ ಕಂಡವಳಲ್ಲ. “ಪಪ್ಪಾ, ಮೈ ಕಂಟ್ರೀಸ್ ಫ್ಲವರ್” ಎನ್ನುವಳು. ಇದು ನಮ್ಮ ದೇಶವಲ್ಲ ಮಗಾ, ಇಲ್ಲಿರಲು ಬೇಕಾದ ನಿನ್ನ ಇಕಾಮಾ ನನ್ನದಕ್ಕೆ ಕಟ್ಟಿದ್ದು, ನನ್ನದು ಕೆಲಸಕ್ಕಿಟ್ಟುಕೊಂಡ ಕಫೀಲನ ಕೈಯಲ್ಲಿದೆ ಎಂದರೆ ಕಿವಿಗೇ ಹಾಕಿಕೊಳ್ಳಳು. ಹನ್ನೆರಡನೆಯ ಕ್ಲಾಸು ಮುಗಿಸಿ ಮರು ವರ್ಷ ಜೂನಿನಲ್ಲಿ ಅವಳು ಮಂಗಳೂರಿಗೆ ಓದಲು ಹೋಗುವುದೆಂದು ತೀರ್ಮಾನವಾಗಿತ್ತು. ಹೋಗುವ ಮೊದಲು ಒಂದೇ ಒಂದು ಸಲ ನಿಜವಾದ ಅರ್ಫಜ್ ಹೂ ತೋರಿಸು ಎಂದು ಕೇಳಿದ್ದಳು. ನಾನು ಮಾತು ಕೊಟ್ಟಿದ್ದೆ. ಬೇಲಿಯೊಳಗೆ ಮನೆಯವರನ್ನು ಬಿಡುವುದಿಲ್ಲ, ಆದರೂ ಹೊರಗೆ ಎಲ್ಲಾದರೂ ಸಿಕ್ಕೀತು ಎಂದುಕೊಂಡಿದ್ದೆ.

ಮಾರ್ಚಿನಲ್ಲಿ ಬೇಲಿಯೊಳಗಿನ ಒಂದು ಜಾಗದ ಎಣಿಕೆಗೆ ಹೋದೆವು. ಮಳೆ ಚೆನ್ನಾಗಿ ಆಗಿತ್ತು. ಅವೇ ಬೂದು ಕಡ್ಡಿಗಳು, ಆದರೆ ಮೈತುಂಬ ಸಣ್ಣ ಸಣ್ಣ ಎಲೆ. ಸಾಯ್ಬರ ಮುಖ ನೋಡಿದೆ. ಅವರು ಏನೂ ಹಂಗಿಸದೆ, “ಅಲ್ಲಿಗೆ ಹೋಗಿ ನೋಡುವನಾ?” ಎಂದರು.

ಹೋದೆವು. ನೆಲ ಸಪಾಟಾಗಿತ್ತು. ಜಲ್ಲಿ ಹಾಸಿ, ರೋಲರ್ ಹೊಡೆದು, ಒಂದು ಮೂಲೆಯಲ್ಲಿ ಪೈಪುಗಳನ್ನು ಪೇರಿಸಿದ್ದರು. ಉಳಿಸಬೇಕಾದ್ದು ಇಲ್ಲೇನೂ ಇಲ್ಲ ಎಂದು ರಿಪೋರ್ಟಿನಲ್ಲಿತ್ತು, ನನ್ನ ಫಾರಂ ಅದಕ್ಕೆ ಸಾಕ್ಷಿ. ಜೀವಂತ ಎಂದು ಬರೆದಿದ್ದರೆ ಯಾರ್ಡನ್ನು ಸ್ವಲ್ಪ ಆಚೆಗೆ ಸರಿಸುತ್ತಿದ್ದರು; ಖಾಲಿ ಜಾಗಕ್ಕೆ ಅಲ್ಲೇನು ಬರವೇ? ಕಾರಿನಲ್ಲಿ ಕೂತು ಅತ್ತೆ. ಸಾಯ್ಬರು ನೀರಿನ ಬಾಟ್ಲಿ ಕೊಟ್ಟು ಕೆಳಗಿಳಿದು ದೂರ ಹೋಗಿ ನಿಂತರು.

ಅರ್ಫಜ್ ಹೂ ಬಿಡುವ ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಮಗಳು ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಈ ವರ್ಷ ಹೂವೇ ಬಿಟ್ಟಿಲ್ಲ ಎಂದು ಸುಳ್ಳು ಹೇಳಲು ಬಾಯಿ ತೆರೆದವನು ಸುಮ್ಮನೆ ಕಾರು ತೆಗೆದೆ. ಅವಳನ್ನು ಆ ಯಾರ್ಡಿನ ಪಕ್ಕಕ್ಕೇ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಾಡಲಿಲ್ಲ. ಬುಲ್ಡೋಜರ್ ಅಂಚಿಗೆ ತಳ್ಳಿದ್ದ ಮಣ್ಣಿನ ದಿಬ್ಬದ ಹತ್ತಿರ ಹೋಗಿ, ಕುಕ್ಕರಗಾಲಲ್ಲಿ ಕೂತು, ಬರಿಗೈಯಲ್ಲಿ ಕೆದಕತೊಡಗಿದಳು. ನೆತ್ತಿ ಸುಡುತ್ತಿತ್ತು. ಸಾಕು ಮಗಾ ಎಂದು ಎಷ್ಟು ಸಲ ಹೇಳಿದೆನೋ. ಕೊನೆಗೆ ಗೇಣುದ್ದದ ಒಂದು ಬೇರು ಎಳೆದು ತಂದು ನನ್ನ ಮುಂದೆ ಹಿಡಿದಳು.

“ಈಸ್ ಇಟ್ ಅಲೈವ್, ಪಪ್ಪಾ?”

ತಿರುಗಿಸಿ ತಿರುಗಿಸಿ ನೋಡಿದೆ. “ಗೊತ್ತಿಲ್ಲ ಮಗಾ.”

“ದೆನ್ ವೈ ಡಿಡ್ ಯು ರೈಟ್ ಇಟ್?”

ಅವಳು ಬೇರನ್ನು ಒದ್ದೆ ಕರ್ಚೀಫಿನಲ್ಲಿ ಸುತ್ತಿ ಮನೆಗೆ ತಂದು ಬಾಲ್ಕನಿಯ ಕುಂಡದಲ್ಲಿ ನೆಟ್ಟಳು. ಜೂನಿನಲ್ಲಿ ಹೊರಟುಹೋದಳು. ದಿನವೂ ಫೋನ್ ಮಾಡುತ್ತಾಳೆ. ಊಟ ಆಯಿತಾ ಎಂದು ಕೇಳುತ್ತಾಳೆ, ಸೆಕೆ ಹೇಗಿದೆ ಎಂದು ಕೇಳುತ್ತಾಳೆ. ಕುಂಡದ ವಿಷಯ ಮಾತ್ರ ಇವತ್ತಿನವರೆಗೆ ಒಂದು ಸಲವೂ ಕೇಳಿಲ್ಲ.