ಮಹಡಿಯ ಮೇಲಿನ ದೇಶ

ನಮ್ಮ ಕಾನ್ವೆಂಟಿನಲ್ಲಿ ಒಬ್ಬರು ಸಿಸ್ಟರ್ ಇದ್ದರು. ಕ್ಲಾಸಿನಲ್ಲಿ ಏನೇ ಕಳೆದುಹೋದರೂ ಅವರು ಮೊದಲು ತೆರೆಸಿ ನೋಡುತ್ತಿದ್ದದ್ದು ಸದ್ದಿಲ್ಲದ ಹುಡುಗಿಯ ಡೆಸ್ಕನ್ನು. ಆ ಬುದ್ಧಿ ನನಗೂ ಅಂಟಿದೆ. ಕೊಡಿಗೇಹಳ್ಳಿಯ ನಮ್ಮ ಮನೆಯ ಮಹಡಿಗೆ ಕೀನ್ಯಾ ದೇಶದ ಹುಡುಗಿಯೊಬ್ಬಳು ಬಾಡಿಗೆಗೆ ಬಂದಾಗ, ಅವಳ ಒಳ್ಳೆಯತನವೇ ನನಗೆ ಅನುಮಾನ ತಂದಿತು.

ಯಲಹಂಕದ ಕಡೆ ನರ್ಸಿಂಗ್ ಓದುತ್ತಿದ್ದಳು. ತನ್ನ ಮೆಟ್ಟಿಲಷ್ಟೇ ಅಲ್ಲ, ಗೇಟಿನವರೆಗೂ ಗುಡಿಸುವಳು. ಮ್ಯೂಸಿಕ್ ಇಲ್ಲ, ಪಾರ್ಟಿ ಇಲ್ಲ, ಫೋನಿನಲ್ಲೂ ಪಿಸುಮಾತು. ಬೀದಿಯಲ್ಲಿ ಯಾರು ಸಿಕ್ಕರೂ, ಬೆಳ್ಳಂಬೆಳಗ್ಗೆಯೂ, ಕಲಿತಿದ್ದ ಒಂದೇ ಕನ್ನಡ: "ಊಟ ಆಯ್ತಾ ಆಂಟಿ?" ಯಜಮಾನರು ಹೋದ ಮೇಲೆ, ತಲೆಯ ಮೇಲೆ ಒಂದಿಷ್ಟು ಹೆಜ್ಜೆಸಪ್ಪಳವಿರಲಿ ಎಂದೇ ನಾನು ಮಹಡಿ ಬಾಡಿಗೆಗೆ ಕೊಟ್ಟದ್ದು. ಇವಳ ಹೆಜ್ಜೆಗೆ ಸಪ್ಪಳವೂ ಇರಲಿಲ್ಲ. ಶನಿವಾರ ಮಾತ್ರ ಭಾರದ ಚೀಲ ಹೊತ್ತು ಹೋಗಿ, ಸಂಜೆ ಹಗುರವಾಗಿ ಬರುತ್ತಿದ್ದಳು. ಏನದು ಎಂದು ಕೇಳುವುದು ಮ್ಯಾನರ್ಸ್ ಅಲ್ಲ. ಕರ್ಟನ್ ಸರಿಸಿ ನೋಡುತ್ತಿದ್ದೆ.

ಎದುರುಮನೆಯಾಕೆ ಇಲ್ಲಿನ ಹಳಬರು. ಈಗ ಅಪಾರ್ಟ್‌ಮೆಂಟ್ ನಿಂತಿರುವ ಕಡೆ ರಾಗಿ ಬೆಳೆದವರು. "ಮೊದ್ಲು ಇಂಗೇ ಮೆತ್ತಗಿರ್ತಾರೆ ಕಣಮ್ಮ. ಅಗ್ರಿಮೆಂಟ್ ಮುಗೀತಿದ್ದಂಗೆ ಕಳಿಸ್ಬುಡಿ," ಎಂದರು. ನಾನು ಹೂಂಗುಟ್ಟಿದ್ದೆ.

ಈ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ, ಬೀದಿಗೆಲ್ಲ ಟ್ಯಾಂಕರ್ ನೀರೇ ಗತಿಯಾಯಿತು. ನನ್ನ ಮಂಡಿನೋವು ನೋಡಿ, ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟಾರ್ ಹಾಕುವ ಕೆಲಸ ಅವಳೇ ವಹಿಸಿಕೊಂಡಿದ್ದಳು. ಪರೀಕ್ಷೆಯ ದಿನ ಬೆಳಿಗ್ಗೆ ಮೋಟಾರ್ ಹಾಕಿ, ಓದುತ್ತಾ ಕೂತು ಮರೆತಳು. ನಾನು ಬಾಗಿಲು ತೆಗೆಯುವಷ್ಟರಲ್ಲಿ ನೀರು ಮೆಟ್ಟಿಲಿಳಿದು, ಗೇಟು ದಾಟಿ, ಎದುರುಮನೆಯ ರಂಗೋಲಿಯನ್ನು ಅಳಿಸಿ ಹರಿಯುತ್ತಿತ್ತು.

ಓಡಿಬಂದು ಮೋಟಾರ್ ಆಫ್ ಮಾಡಿದವಳು ಮನೆಯ ಕೀ ತಂದು ನನ್ನ ಮುಂದೆ ಹಿಡಿದಳು. ಅಳುತ್ತಿರಲಿಲ್ಲ. ಅದೂ ನನಗೆ ಸರಿಕಾಣಲಿಲ್ಲ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ.

"ಮನೆ ಖಾಲಿ ಮಾಡ್ತೀನಿ ಆಂಟಿ. ಆದರೆ ನಮ್ಮ ದೇಶದಿಂದ ಇಬ್ಬರು ಜೂನಿಯರ್ಸ್ ಬರ್ತಿದ್ದಾರೆ. ಈ ಬೀದಿಯಲ್ಲೇ ಮನೆ ಹುಡುಕ್ತಾರೆ. ದಯವಿಟ್ಟು ಯಾರಿಗೂ ಈ ನೀರಿನ ವಿಷಯ ಹೇಳಬೇಡಿ."

"ನೀರು ಬಿಟ್ಟವಳು ನೀನು. ಅವರಿಗೇನು?"

"ನಾನು ಬಿಟ್ಟೆ ಅಂತ ಯಾರೂ ಅನ್ನೋದಿಲ್ಲ. ಕೀನ್ಯಾದವರು ಬಿಟ್ಟರು ಅಂತಾರೆ."

"ಶನಿವಾರದ ಚೀಲ?" ತಡೆಯಲಾರದೆ ಕೇಳಿಬಿಟ್ಟೆ.

"ಮೀನು, ಅದಕ್ಕೆ ಬೇಕಾದ ಸಾಮಾನು. ಅಟ್ಟೂರಿನ ಫ್ರೆಂಡ್ ಮನೆಯಲ್ಲಿ ಮಾಡಿ ತಿಂದು ಬರ್ತೀನಿ. ಇಲ್ಲಿ ವಾಸನೆ ಬಂದರೆ..."

ಮೀನು ಮಾಡಬೇಡ ಎಂದು ನಾನು ಯಾವತ್ತೂ ಹೇಳಿರಲಿಲ್ಲ. ಹೇಳದೆಯೇ ಅವಳಿಗೆ ಕೇಳಿಸಿತ್ತು.

ಅಷ್ಟರಲ್ಲಿ ಎದುರುಮನೆಯಾಕೆ ಸೀರೆ ಎತ್ತಿಕಟ್ಟಿಕೊಂಡು ಬಂದರು. "ನಾನ್ ಯೋಳಿರ್ಲಿಲ್ವಾ? ಆ ದೇಸದೋರೇ ಇಂಗೆ."

"ಹೋದ ವರ್ಷ ನಿಮ್ಮನೇಲಿ ಹಾಸನದ ಹುಡುಗ್ರಿದ್ರಲ್ಲ, ಅವರೂ ಮೋಟಾರ್ ಆಫ್ ಮಾಡ್ದೆ ಬಿಟ್ಟಿದ್ರು. ಹಾಸನದೋರೇ ಹಿಂಗೆ ಅಂದ್ರಾ?" ಎಂದೆ.

"ಅಯ್ಯ, ಅವ್ರು ನಮ್ಮುಡುಗ್ರು. ನಿಲ್ಲಿಸ್ಕೊಂಡು ಬೈದೆ, ಸರಿಹೋಯ್ತು."

ನಾನು ಹುಡುಗಿಯ ಕಡೆ ತಿರುಗಿದೆ. ಅವಳ ಹತ್ತಿರ ಒಂದು ದಿನವೂ ಕನ್ನಡ ಆಡದವಳು, ಅಂದು ಕನ್ನಡದಲ್ಲೇ ಬೈದೆ. "ಕತ್ತೆ, ಟ್ಯಾಂಕರ್ ಏನು ನಿಮ್ಮಪ್ಪ ತರಿಸಿದ್ನಾ? ಕಿವಿ ಎಲ್ಲಿಟ್ಟಿದ್ದೆ? ಇನ್ನೊಂದ್ ಸಲ ಬಿಟ್ಟರೆ ಬೆನ್ ಮುರೀತೀನಿ." ಅವಳಿಗೆ ಎಷ್ಟು ಅರ್ಥವಾಯಿತೋ, ತಲೆ ತಗ್ಗಿಸಿ ನಿಂತಳು. ಕೊನೆಗೆ ಇಂಗ್ಲಿಷಿನಲ್ಲಿ, "ಕೀ ತಗೊಂಡು ಮೇಲೆ ಹೋಗು. ಎಕ್ಸಾಮಿಗೆ ಲೇಟ್ ಆಗ್ತಿದೆ," ಎಂದೆ. ಆಗ ಅತ್ತಳು.

ಎದುರುಮನೆಯಾಕೆ ಗೇಟಿನಲ್ಲೇ ನಿಂತಿದ್ದರು. ಅವರ ಕೆಳಗಿನ ಪೋರ್ಷನ್ ಯುಗಾದಿಯಿಂದ ಖಾಲಿ. "ಇವಳ ಕಡೆಯೋರು ಇನ್ನಿಬ್ರು ಮನೆ ಹುಡುಕ್ಕೊಂಡು ಬರ್ತಾರಂತೆ," ಎಂದೆ.

"ಅವ್ರು ಎಂಗೋ?"

"ನನಗೇನ್ ಗೊತ್ತು? ಬಂದ್ಮೇಲೆ ಅವ್ರನ್ನೇ ಮಾತಾಡಿಸಿ ನೋಡಿ."