ಬೀಸಿದ ಹಿಟ್ಟು ಯಾರ ಮನೆಗೆ

ಸೋಲದೇವನಹಳ್ಳಿಯ ಮುನಿಕೆಂಪಮ್ಮ ಮುಯ್ಯಾಳಿಗೆ ಹೆಸರಾದವಳು. ಇವತ್ತು ನಿಮ್ಮ ಹೊಲದಲ್ಲಿ ನಾನು ಕಳೆ ಕಿತ್ತರೆ ನಾಳೆ ನನ್ನ ಹೊಲಕ್ಕೆ ನೀವು ಬರಬೇಕು; ಕೂಲಿಯಿಲ್ಲ, ನಾಲಿಗೆಯ ಮೇಲೆ ನಡೆಯುವ ವ್ಯವಹಾರ. ಜ್ವರ ಬಂದರೂ ತಲೆಗೆ ಬಟ್ಟೆ ಸುತ್ತಿಕೊಂಡು ಹೋಗಿ ಮುಯ್ಯಿ ತೀರಿಸಿ ಬರುತ್ತಿದ್ದಳು. ಅಂಥವಳಿಗೆ ಅರವತ್ತೆರಡಕ್ಕೇ ಮರೆವಿನ ಕಾಯಿಲೆ ಹಿಡಿಯಿತು. ಮೊದಲು ಒಲೆಯ ಮೇಲಿನ ಹಾಲು ಮರೆತಳು, ಆಮೇಲೆ ಮನೆಯ ದಾರಿ, ಆಮೇಲೆ ಅಳಿಯ ಬಾಲರಾಜನನ್ನು. ಮಗಳು ವನಿತಾ ಅವಳನ್ನು ಸಹಕಾರನಗರದ ತನ್ನ ಬಾಡಿಗೆ ಮನೆಗೆ ಕರೆತಂದು ಇಟ್ಟುಕೊಂಡಳು.

ವನಿತಾ ಮನೆಯಲ್ಲೇ ಕೂತು ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದಳು. ಅದಕ್ಕೆಂದೇ ಕಂಪ್ಯೂಟರಿಗೆ ದೊಡ್ಡದೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದಳು. ೨೦೧೭ರ ಬೇಸಿಗೆಯಲ್ಲಿ ಮಗಳು ಮಹತಿ ಹುಟ್ಟಿದ ಮೇಲೆ ಕೆಲಸ ಅರ್ಧಕ್ಕರ್ಧ ನಿಂತು ಕಾರ್ಡು ಸುಮ್ಮನೆ ಬಿದ್ದಿತ್ತು. ಪಾರ್ಕಿನಲ್ಲಿ ಭಾನುವಾರದ ವಿಜ್ಞಾನ ಬಳಗ ನಡೆಸುತ್ತಿದ್ದ ರಘುನಾಥ್ ಇದನ್ನು ಕೇಳಿ, ಕರೆಯದೆಯೇ ಮನೆಗೆ ಬಂದರು.

"ನಿಮ್ಮ ಕಾರ್ಡು ಖಾಲಿ ಕೂತಿರೋ ಹೊತ್ತಲ್ಲಿ ವಿಜ್ಞಾನಿಗಳಿಗೆ ಲೆಕ್ಕ ಮಾಡಿಕೊಡುತ್ತೆ ಅಮ್ಮಾ. ನಮ್ಮ ಮೈಯಲ್ಲಿರೋ ಪ್ರೋಟೀನು ಹೆಂಗೆ ಮಡಚ್ಕೊಳುತ್ತೆ ಅಂತ. ಅದು ತಪ್ಪಾಗಿ ಮಡಚಿದ್ರೇನೇ ನಿಮ್ಮ ತಾಯಿಗೆ ಬಂದಂಥ ಕಾಯಿಲೆ ಅಂತಾರೆ. ಲೋಕದ ತುಂಬ ಜನ ಹಿಂಗೆ ದಾನ ಮಾಡ್ತಾರೆ. ಯಾರ ಹೆಸರು ಕೊಡ್ತೀರೋ ಅದು ಪಟ್ಟೀಲಿ ಬರುತ್ತೆ."

ವನಿತಾ ತಾಯಿಯ ಹೆಸರು ಕೊಟ್ಟಳು. ಅವತ್ತು ಸಂಜೆ ಮುನಿಕೆಂಪಮ್ಮನಿಗೆ ಅರ್ಥವಾಗುವ ಹಾಗೆ ಹೇಳಿದಳು: "ನಿನ್ನ ಹೆಸರಲ್ಲಿ ಮುಯ್ಯಾಳು ಕಳಿಸ್ತಿದೀವಿ ಕಣಮ್ಮ."

ಕಾರ್ಡಿನ ಫ್ಯಾನು ಗುಂಯ್ ಎಂದು ತಿರುಗತೊಡಗಿತು. ಮುನಿಕೆಂಪಮ್ಮ ಕಿವಿಗೊಟ್ಟು ಕೇಳಿದಳು. "ಗಿರಣಿ ಓಡ್ತಾ ಐತೆ. ಇಟ್ಟೆಲ್ಲಿ?"

"ಹಿಟ್ಟು ಬೇರೆಯವ್ರಿಗೆ ಕಣಮ್ಮ. ಕಾಯಿಲೆಯವ್ರಿಗೆ."

"ಸರಿ ಬುಡು. ಓಗ್ಲಿ."

ಮನೆ ಆ ಸದ್ದಿಗೆ ಒಗ್ಗಿತು. ಫ್ಯಾನಿನ ಜೋಗುಳಕ್ಕೆ ಮಗು ನಿದ್ದೆ ಮಾಡುತ್ತಿತ್ತು. ಕಾರ್ಡು ಒಂದು ಪಾಲು ಲೆಕ್ಕ ಮುಗಿಸಿ ಕಳಿಸಿ, ಇನ್ನೊಂದು ಪಾಲು ತರಿಸಿಕೊಳ್ಳುವ ಒಂದೆರಡು ನಿಮಿಷ ಫ್ಯಾನು ತಣ್ಣಗಾಗುತ್ತಿತ್ತು. ಮಗು ಆಗ ಥಟ್ಟನೆ ಎದ್ದು ಅಳುತ್ತಿತ್ತು. ವನಿತಾ ಗಡಿಯಾರ ನೋಡದೆ ಆ ಅಳುವಿನಿಂದಲೇ ತಿಳಿಯುತ್ತಿದ್ದಳು, ಅಮ್ಮನ ಹೆಸರಿನಲ್ಲಿ ಇನ್ನೊಂದು ಸೇರಿತು ಎಂದು. ಮಳೆಗಾಲದಲ್ಲಿ ಕಂಪ್ಯೂಟರ್ ಡಬ್ಬದ ಹಿಂದೆ, ಬಿಸಿಗಾಳಿ ಬರುವಲ್ಲಿ, ದಾರ ಕಟ್ಟಿ ಮಗುವಿನ ಲಂಗೋಟಿ ಒಣಹಾಕಿದಳು. ವಾರಕ್ಕೊಮ್ಮೆ ಪಟ್ಟಿ ತೆರೆದು ಹೆಸರು ಓದುವಳು. "ಮುನಿಕೆಂಪಮ್ಮ." ತಾಯಿ ನಾಚಿ ಸೆರಗು ಬಾಯಿಗೆ ಒತ್ತಿಕೊಳ್ಳುವಳು. "ನಾನೇ ಅಲ್ವಾ?" ಮಗಳ ಹೆಸರೇ ಹಾರಿಹೋಗಿದ್ದವಳಿಗೆ ತನ್ನದೊಂದು ಹೆಸರು ಇನ್ನೂ ಉಳಿದಿತ್ತು. ಅದಕ್ಕಾಗಿಯೇ ವನಿತಾ ಕಾರ್ಡನ್ನು ಒಂದು ದಿನವೂ ಆರಿಸಲಿಲ್ಲ.

ದೀಪಾವಳಿ ಕಳೆದ ವಾರ ರಘುನಾಥ್ ಮತ್ತೆ ಬಂದರು. ಚಕ್ಕುಲಿ ತಿಂದರು, ಎಣ್ಣೆಕೈಯನ್ನು ಸೋಫಾದ ಬಟ್ಟೆಗೆ ಒರೆಸಿದರು. "ಹೊಸ ಪ್ರೋಗ್ರಾಮ್ ಬಂದಿದೆ. ಎಲ್ಲರ ಮನೇಲೂ ಹಾಕಿ ಬರ್ತಿದೀನಿ. ಇನ್ಮೇಲೆ ನೀವು ಪಟ್ಟಿ ನೋಡೋದೇ ಬೇಡ, ತಿಂಗಳಿಗೊಂದು ಪ್ರಮಾಣಪತ್ರ ನಾನೇ ತಂದುಕೊಡ್ತೀನಿ." ಮಾತಿನಂತೆ ತಂದರು. ದಪ್ಪ ಹೊಳಪು ಕಾಗದ, ಹೊಂಬಣ್ಣದ ಅಂಚು, ನಡುವೆ ತಾಯಿಯ ಹೆಸರು. ವನಿತಾ ಚೌಕಟ್ಟು ಹಾಕಿಸಿ ಲಕ್ಷ್ಮಿಯ ಪಟದ ಪಕ್ಕ ತೂಗುಹಾಕಿದಳು.

ಅಲ್ಲಿಂದ ಫ್ಯಾನು ನಿಲ್ಲಲೇ ಇಲ್ಲ. ಮಗು ಗಂಟೆಗಟ್ಟಲೆ ಮಲಗಿತು, ಲಂಗೋಟಿ ಗರಿಗರಿಯಾಗಿ ಒಣಗಿದವು. "ಸಾರ್, ಹೊಸದು ಬಲು ಚೆನ್ನಾಗಿದೆ, ಮಗು ಏಳೋದೇ ಇಲ್ಲ," ಎಂದು ವನಿತಾ ಪಾರ್ಕಿನಲ್ಲಿ ಎಲ್ಲರೆದುರು ಹೊಗಳಿದಳು. ರಘುನಾಥ್ ಕೈಮುಗಿದರು. ಮುಂದೆ ಈ ಮಾತು ನೆನೆದಾಗಲೆಲ್ಲ ವನಿತಾಳಿಗೆ ತನ್ನ ಬಾಯನ್ನೇ ತೊಳೆದುಕೊಳ್ಳಬೇಕೆನಿಸುತ್ತಿತ್ತು.

ಸಂಕ್ರಾಂತಿಯ ಎಳ್ಳು ಬೀರಲು ಮಧ್ಯಾಹ್ನ ಪಕ್ಕದ ಮನೆಗೆ ಹೋದಾಗ ಮಾತು ಇದಕ್ಕೇ ಬಂತು. ಆ ಮನೆಯ ಫಖ್ರುನ್ನೀಸಾ ಕಾಲೇಜೊಂದರ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು.

"ನಿಲ್ಲೋದೇ ಇಲ್ವಾ? ಒಂದು ಮುಗೀದೆ ಇನ್ನೊಂದು ಹೆಂಗೆ ಬರುತ್ತೆ ವನಿತಾ? ನಡಿ, ನೋಡೋಣ."

ಬಂದವಳು ಮೊದಲು ಪಟ್ಟಿ ತೆಗೆದಳು. ಮುನಿಕೆಂಪಮ್ಮನ ಹೆಸರು ಅಕ್ಟೋಬರಿನ ಕೊನೆಯ ವಾರಕ್ಕೆ ನಿಂತುಹೋಗಿತ್ತು. ಆಮೇಲೆ ಏನೇನೋ ಒತ್ತಿ ತೆರೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದಳು. ಸಾಲು ಸಾಲು ಅಕ್ಷರಗಳು ಓಡುತ್ತಿದ್ದವು. ಓದುತ್ತ ಓದುತ್ತ ಅವಳ ಮುಖ ಹುಳಿ ತಿಂದಂತಾಯಿತು.

"ಅಲ್ಲಾ! ಇದು ಪ್ರೋಟೀನೂ ಅಲ್ಲ, ಮಣ್ಣೂ ಅಲ್ಲ. ನೆಟ್‌ನಲ್ಲಿ ಕಾಯಿನ್ ಕಾಯಿನ್ ಅಂತ ಎಲ್ಲ ಹುಚ್ಚು ಹಿಡಿಸ್ಕೊಂಡಿದಾರಲ್ಲ, ಅದನ್ನ ಹುಟ್ಸೋ ಪ್ರೋಗ್ರಾಮ್ ಇದು. ಕಾರ್ಡು ನಿಮ್ದು, ಕರೆಂಟು ನಿಮ್ದು, ಹುಟ್ಟಿದ ಕಾಯಿನ್ ಮಾರಿದ ದುಡ್ಡು ಆ ಮನುಷ್ಯಂದು."

"ಮತ್ತೆ ಪ್ರಮಾಣಪತ್ರ?"

"ಸ್ಟೇಷನರಿ ಅಂಗಡೀಲಿ ಪ್ರಿಂಟ್ ಹಾಕ್ಸಿರ್ತಾನೆ ಬಿಡಮ್ಮ."

ವನಿತಾ ದಾರದ ಮೇಲಿನ ಲಂಗೋಟಿಗಳನ್ನು ನೋಡಿದಳು. ಇನ್ನೂ ಬೆಚ್ಚಗಿದ್ದವು. ಕದ್ದವನ ಬಿಸಿಗೆ ಮಗುವಿನ ಬಟ್ಟೆ ಒಡ್ಡಿದ್ದೆನಲ್ಲ! ಎಲ್ಲವನ್ನೂ ಬಾಚಿ ಬಕೆಟ್ಟಿಗೆ ಹಾಕಿ ಮತ್ತೆ ಸೋಪು ಹಚ್ಚಿದಳು. ಕೈ ತೊಳೆದಳು, ಸಾಲದೆನಿಸಿ ಮತ್ತೊಮ್ಮೆ ತೊಳೆದಳು.

ರಘುನಾಥರಿಗೆ ಫೋನು ಮಾಡಿದ್ದು ಬಾಲರಾಜ. ಯಲಹಂಕದ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ಅವನದು ಚಿಕ್ಕ ಮಾತು: "ಬನ್ನಿ ಸಾರ್, ಎಳ್ಳು ತಗೊಂಡೋಗೋರಂತೆ."

ಬಂದರು. ಕೈಯಲ್ಲಿ ಜನವರಿಯ ಪ್ರಮಾಣಪತ್ರ! ಫಖ್ರುನ್ನೀಸಾ ಕಪ್ಪು ಕಿಟಕಿಯತ್ತ ಬೆರಳು ತೋರಿದಳು. ರಘುನಾಥ್ ಬೆಚ್ಚಲಿಲ್ಲ, ಕುರ್ಚಿ ಎಳೆದುಕೊಂಡು ಕೂತರು. ಎಳ್ಳುಬೆಲ್ಲದ ತಟ್ಟೆಯಿಂದ ಸಕ್ಕರೆ ಅಚ್ಚನ್ನಷ್ಟೇ ಆರಿಸಿ ಬಾಯಿಗಿಟ್ಟು ಚೀಪಿದರು.

"ನೋಡಿ ಅಮ್ಮಾ, ಅದೂ ಲೆಕ್ಕಾನೇ, ಇದೂ ಲೆಕ್ಕಾನೇ. ಕಾರ್ಡಿಗೇನು ಗೊತ್ತಾಗುತ್ತೆ? ಬಳಗ ನಡೆಸೋಕೆ ಖರ್ಚಿಲ್ವಾ? ಅಲ್ಲದೆ ನಿಮ್ಮ ತಾಯಿಗಂತೂ…" ಧ್ವನಿ ತಗ್ಗಿಸಿದರು. "ಅವರಿಗೆ ಏನು ತಿಳಿಯುತ್ತೆ ಹೇಳಿ. ಕಾಗದ ನೋಡಿದ್ರೆ ಖುಷಿ ಪಡ್ತಿದ್ರು, ಅಷ್ಟು ಸಾಕಲ್ವಾ?"

"ಅವ್ಳಿಗೆ ತಿಳೀತಿತ್ತು ಸಾರ್," ಎಂದಳು ವನಿತಾ. "ಅಕ್ಟೋಬರಲ್ಲಿ ತಿಳೀತಿತ್ತು."

ಅದು ನಿಜ. ಈ ಮೂರು ತಿಂಗಳಲ್ಲಿ ಮುನಿಕೆಂಪಮ್ಮ ತುಂಬ ಇಳಿದಿದ್ದಳು. ಚೌಕಟ್ಟಿನ ಮುಂದೆ ನಿಲ್ಲಿಸಿ ಹೆಸರು ಓದಿದರೆ ಈಗ ನಾಚುವುದಿರಲಿ, ತಿರುಗಿಯೂ ನೋಡುತ್ತಿರಲಿಲ್ಲ. ಅವಳಿಗೆ ತನ್ನ ಹೆಸರು ಗೊತ್ತಿದ್ದ ಕೊನೆಯ ದಿನಗಳಲ್ಲಿ ಆ ಹೆಸರಿನಲ್ಲಿ ಯಾರಿಗೂ ಒಂದು ಹಿಡಿ ಕೆಲಸ ಆಗಿರಲಿಲ್ಲ.

ಮೂಲೆಯ ಚಾಪೆಯಲ್ಲಿದ್ದ ಮುನಿಕೆಂಪಮ್ಮ ಎದ್ದು ನೇರ ರಘುನಾಥರ ಬಳಿ ಬಂದಳು. ಅವರ ಅಂಗಿಯ ತೋಳು ಹಿಡಿದು ಜಗ್ಗಿದಳು. ಗಿರಣಿಯವನು ಹಿಟ್ಟು ಬೀಳುವ ಬಟ್ಟೆಯ ಕೊಳವೆಯಲ್ಲಿ ಒಂದು ಬೊಗಸೆ ಉಳಿಸಿಕೊಳ್ಳುತ್ತಾನೆಂದು ಹಳ್ಳಿಯ ಹೆಂಗಸರು ಅದನ್ನು ಕೊಡವಿ ಒದರಿಸಿಯೇ ಬರುವುದು. ಅದೊಂದು ಅವಳಿಗೆ ಮರೆತಿರಲಿಲ್ಲ.

"ಒದರಲೇ ಗಿರಣಿಯೋನೆ! ಚೆಂದಾಗಿ ಒದರು. ಬಡವರ್ ಇಟ್ಟು ತೋಳಾಗೆ ಮಡಿಕ್ಕಂಡು ಓಯ್ತೀಯಾ? ಥೂ!"

ಉಗುಳು ಅವರ ಮೊಣಕೈಗೆ ಬಿತ್ತು. ರಘುನಾಥ್ ದಡಬಡಿಸಿ ಎದ್ದು ಸೋಫಾದ ಬಟ್ಟೆಯತ್ತ ಕೈಹಾಕಿದರು.

"ಅದಕ್ಕೊರೆಸ್ಬೇಡಿ," ಎಂದಳು ವನಿತಾ. "ನಿಮ್ಮ ಪ್ರಮಾಣಪತ್ರ ಇದೆಯಲ್ಲ, ಅದಕ್ಕೊರೆಸ್ಕೊಳಿ."

ಅವರು ಹೋದ ಮೇಲೆ ಫಖ್ರುನ್ನೀಸಾ ಕೊಳಕನ್ನೆಲ್ಲ ಅಳಿಸಿ ಹಳೆಯದನ್ನು ಹಾಕಿಕೊಟ್ಟಳು. ಪಾರ್ಕಿನಲ್ಲಿ ವಿಷಯ ಹೇಳಿದರೆ ಬಳಗದವರು ಕಿವಿಗೆ ಹಾಕಿಕೊಳ್ಳಲಿಲ್ಲ. "ಹೋಗ್ಲಿ ಬಿಡಿ, ದೊಡ್ಡ ಮನುಷ್ಯರು, ಮಕ್ಕಳಿಗೆ ಗ್ರಹಣ ತೋರ್ಸಿದಾರೆ," ಎಂದರು ಒಬ್ಬರು. ಮುಂದಿನ ಭಾನುವಾರ ಅದೇ ಕಲ್ಲುಬೆಂಚಿನ ಮೇಲೆ ನಿಂತು ರಘುನಾಥ್ ನಿಸ್ವಾರ್ಥ ಸೇವೆಯ ಬಗ್ಗೆ ಮಾತಾಡುತ್ತಿದ್ದರು. ವನಿತಾ ಮಗುವಿನ ತಳ್ಳುಗಾಡಿ ತಿರುಗಿಸಿ ಮನೆಗೆ ಬಂದಳು.

ಫ್ಯಾನಿನ ಸದ್ದಿಗೆ ಮಗು ಗಾಡಿಯಲ್ಲೇ ನಿದ್ದೆ ಹೋದ ಸ್ವಲ್ಪ ಹೊತ್ತಿಗೆ ಫ್ಯಾನು ತಣ್ಣಗಾಯಿತು. ಮಗು ಎದ್ದು ಅತ್ತಿತು. ಮೂರು ತಿಂಗಳು ಕೇಳದೆ ಹೋಗಿದ್ದ ಅಳು! ವನಿತಾ ಅದನ್ನು ಸೊಂಟಕ್ಕೇರಿಸಿಕೊಂಡು ಪಟ್ಟಿ ತೆರೆದು ಜೋರಾಗಿ ಓದಿದಳು. "ಮುನಿಕೆಂಪಮ್ಮ."

"ಯಾರವ್ವ ಅದು?"

"ಮುಯ್ಯಾಳಿಗೆ ಹೋಗ್ತಾಳಲ್ಲ, ಅವ್ಳು."

"ಕಾಸು ಕೊಡ್ತಾರಾ?"

"ಇಲ್ಲಮ್ಮ."

"ಅಂಗಾದ್ರೆ ಒಳ್ಳೇಳು," ಎಂದು ಮುನಿಕೆಂಪಮ್ಮ ಗೋಡೆಯತ್ತ ತಿರುಗಿ ಮಲಗಿದಳು.

ಲಂಗೋಟಿಯನ್ನು ವನಿತಾ ಮತ್ತೆಂದೂ ಆ ದಾರಕ್ಕೆ ಹಾಕಲಿಲ್ಲ. ಮಹಡಿಯ ಮೇಲೆ ಎರಡು ದಿನ ಹಿಡಿದರೂ ಅಲ್ಲೇ ಒಣಗಿಸಿದಳು.