ಬೈರಿಗೆಯ ಗುಂಡಿ, ಪಿಳ್ಳಪ್ಪನ ಹಾರೆ

ಬೆಳಿಗ್ಗೆ ಎರಡನೇ ಲೋಟ ಕಾಫಿಗಾಗಿ ಹೆಂಡತಿಯ ಮುಖ ನೋಡುತ್ತ ಕೂತಿದ್ದೆ. ಎಂಬತ್ತು ದಾಟಿದವನಿಗೆ ಒಂದೇ ಲೋಟ ಎಂಬುದು ಡಾಕ್ಟರ ಆಜ್ಞೆ. ಅದನ್ನು ಜಾರಿ ಮಾಡುವವಳು ಇವಳು. ಆಗ ಗೇಟಿನ ಕಡೆಯಿಂದ ಒಂದು ವಾಸನೆ ಬಂತು. ಸುಟ್ಟ ಡೀಸೆಲ್ಲು, ಅದರ ಬೆನ್ನಿಗೇ ಆಗತಾನೇ ಬಗೆದ ಒದ್ದೆ ಕೆಮ್ಮಣ್ಣು. ಇವೆರಡನ್ನೂ ಬೇರೆ ಬೇರೆಯಾಗಿ ನೀವು ಎಷ್ಟೋ ಸಲ ಮೂಸಿರುತ್ತೀರಿ. ಎರಡೂ ಕೂಡಿ ಬಂದರೆ ಮಾತ್ರ ನನಗೆ ಒಂದು ಕ್ಷಣ ಇಪ್ಪತ್ತಮೂರು ವರ್ಷವಾಗಿಬಿಡುತ್ತದೆ. ಕಾಫಿ ಮರೆತು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ನಮ್ಮ ಜಯನಗರದ ಈ ರಸ್ತೆಯಲ್ಲಿ ಹೋದ ತಿಂಗಳ ಗಾಳಿಗೆ ಒಂದು ಬೇವಿನ ಮರ ಬಿತ್ತು. ಆ ಜಾಗದ ಪಕ್ಕದಲ್ಲಿ ಹೊಸ ಸಸಿ ನೆಡಲು ಒಂದು ಟ್ರಾಕ್ಟರು ಬಂದು ನಿಂತಿತ್ತು. ಆಟದ ಸಾಮಾನಿನಷ್ಟು ಚಿಕ್ಕದು. ಹಿಂದುಗಡೆ ನನ್ನ ಎದೆಯ ಎತ್ತರಕ್ಕೆ ಒಂದು ಕಬ್ಬಿಣದ ತಿರುಪು. ಅದು ಗರಗರ ತಿರುಗುತ್ತ ನೆಲಕ್ಕಿಳಿಯುತ್ತಿತ್ತು, ಮಣ್ಣು ಸುರುಳಿ ಸುರುಳಿಯಾಗಿ ಮೇಲೆ ಬರುತ್ತಿತ್ತು. ಸುತ್ತ ನಾಲ್ಕು ಜನ ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು. "ಸಖತ್ತಾಗಿದೆ ಗುರು, ಎರಡೇ ನಿಮಿಷ!" ಎಂದ ಒಬ್ಬ. ನನಗೆ ನಗು ಬಂತು. ಅರವತ್ತು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಇಂಥದೇ ಗಾಡಿಯ ಮೇಲೆ ಕೂತು ಇದೇ ಮಾತಿಗೆ ಉಬ್ಬಿದವನು ನಾನು.

ನಂಬುವುದಿಲ್ಲವೇ? ಈಗಿನ ನನ್ನನ್ನು ನೋಡಿದರೆ ನನಗೂ ನಂಬಿಕೆ ಬರುವುದಿಲ್ಲ. ಆಗ ನಾನು ರಸ್ತೆಗಳಲ್ಲಿ ಸಸಿ ನೆಡಿಸುವ ಕಚೇರಿಯೊಂದರಲ್ಲಿ ಹೊಸ ಓವರ್‌ಸಿಯರು. ವಿಲ್ಸನ್ ಗಾರ್ಡನ್ನಿನಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸೈಕಲ್ಲು, ಒಂದು ಹ್ಯಾಟು. ಹ್ಯಾಟು ತಲೆಗೆ ಸ್ವಲ್ಪ ದೊಡ್ಡದಾಗಿತ್ತು. ಒಳಗೆ ಪೇಪರು ಮಡಿಸಿಟ್ಟುಕೊಳ್ಳುತ್ತಿದ್ದೆ, ಮಳೆ ಬಂದ ದಿನ ಹಣೆಯ ಮೇಲೆ ಸುದ್ದಿಯೆಲ್ಲ ಅಚ್ಚಾಗುತ್ತಿತ್ತು. ಜಯನಗರ ಆಗ ನಕ್ಷೆಯಲ್ಲಿ ಮಾತ್ರ ನಗರ. ರಾಗಿ ಹೊಲಗಳ ನಡುವೆ ಕಲ್ಲು ನೆಟ್ಟು ಗೆರೆ ಎಳೆದಿದ್ದರು. ಆ ಗೆರೆಗೆ ರಸ್ತೆ ಎಂದು ಹೆಸರು. ಅಲ್ಲೊಂದು ಇಲ್ಲೊಂದು ಹೊಸ ಮನೆ. ಮನೆ ಕಟ್ಟಿಸಿದವರು ಬಿಸಿಲಲ್ಲಿ ನಿಂತು, "ನೆರಳು ಯಾವಾಗ ಸಾರ್?" ಎಂದು ನನ್ನನ್ನು ಕೇಳುತ್ತಿದ್ದರು, ನೆರಳು ನನ್ನ ಸೈಕಲ್ಲಿನ ಕ್ಯಾರಿಯರಿನಲ್ಲಿ ಇರುವ ಹಾಗೆ.

ಗುಂಡಿ ತೋಡಲು ಹತ್ತು ಜನರ ಒಂದು ತಂಡವಿತ್ತು. ಅದರ ಮೇಸ್ತ್ರಿ ಪಿಳ್ಳಪ್ಪ. ಐವತ್ತರ ಆಚೀಚೆ ವಯಸ್ಸು, ಒಣಕಲು ಮೈ, ಹೆಗಲ ಮೇಲೆ ಕೆಂಪಂಚಿನ ಟವಲು. ಪುಟ್ಟೇನಹಳ್ಳಿಯಲ್ಲಿ ಮನೆ. ಹೊಲ ಇದ್ದದ್ದು ಇಲ್ಲಿ, ನಮ್ಮ ರಸ್ತೆ ಹಾದು ಹೋದ ಜಾಗದಲ್ಲೇ. ಬಡಾವಣೆಗೆ ಹೊಲ ಹೋದ ಮೇಲೆ ಅದೇ ನೆಲದಲ್ಲಿ ಹಾರೆ ಹಿಡಿದು ಕೂಲಿಗೆ ನಿಂತಿದ್ದ. ಇದನ್ನು ಅವನು ಗೋಳಾಗಿ ಎಂದೂ ಹೇಳಲಿಲ್ಲ. ಬೇರೆಯವರು ಹಾರೆ ಹಾಕುವ ಮುಂಚೆ ಮಾತ್ರ, "ಅಲ್ಲಿ ಬಂಡೆ ಐತೆ, ಎರಡಡಿ ಈ ಕಡೆ ಬಾ" ಎನ್ನುತ್ತಿದ್ದ. ಬಂಡೆ ಅಲ್ಲಿ ಇದ್ದೇ ಇರುತ್ತಿತ್ತು.

ಹೀಗಿರುವಾಗ ಹಡಗಿನಲ್ಲಿ ಬಂದ ಪುಟ್ಟ ಟ್ರಾಕ್ಟರೊಂದು ನಮ್ಮ ಕಚೇರಿಗೆ ದಕ್ಕಿತು. ಜೊತೆಗೆ ಆ ತಿರುಪು. ಅದರ ಇಂಗ್ಲಿಷ್ ಹೆಸರು ನಮ್ಮವರ ಬಾಯಿಗೆ ಒಗ್ಗದೆ ಎರಡನೇ ದಿನಕ್ಕೇ ಅದು ಬೈರಿಗೆ ಆಯಿತು. ಬಡಗಿ ಮರಕ್ಕೆ ತೂತು ಹಾಕುತ್ತಾನಲ್ಲ, ಅದೇ ಬೈರಿಗೆ, ನೆಲಕ್ಕೆ ಹಾಕುವಂಥದು. ಹದಿನೈದು ದಿನ ತರಬೇತಿ ಪಡೆದು ಓಡಿಸುವ ಪಟ್ಟ ನನಗೆ ಸಿಕ್ಕಿತು. ದೊಡ್ಡ ಸಾಹೇಬರು ಕರೆದು ಹೇಳಿದರು, "ನೋಡಪ್ಪ, ಈ ರೋಡಿನ ಮೂವತ್ತೆರಡು ಬೇವು ನಿನ್ನ ಪರೀಕ್ಷೆ. ಗಿಡ ಹಿಡಿದ್ರೆ ಮೆಷೀನು ನಮ್ಮಲ್ಲೇ ಉಳಿಯುತ್ತೆ, ಆ ಹತ್ತು ಜನ ಬೇಕಾಗಲ್ಲ. ಗಿಡ ಹೋದ್ರೆ ಮೆಷೀನು ವಾಪಸ್ಸು, ನೀನು ಮತ್ತೆ ಸೈಕಲ್ಲಿಗೆ." ಪಿಳ್ಳಪ್ಪ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ. ಕೇಳಿಸಿಕೊಂಡ. ನಾನು ಹ್ಯಾಟು ಸರಿಮಾಡಿಕೊಂಡೆ.

ಮೊದಲ ದಿನದ ಕಥೆ ಹೇಳಲು ಈಗಲೂ ನಾಚಿಕೆ. ಬಂಪರಿಗೆ ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಕಾಯಿ ಒಡೆದಾಯಿತು. ಬಿಳೇಕಹಳ್ಳಿಯ ತನಕದ ಜನ ನೋಡಲು ಬಂದಿದ್ದರು. ಸಾಹೇಬರು ಕೈಕಟ್ಟಿ ನಿಂತರು. ಬೈರಿಗೆಯನ್ನು ಸ್ವಲ್ಪ ಇಳಿಸಿ, ಮೇಲೆತ್ತಿ ಮಣ್ಣು ಚೆಲ್ಲಿ, ಮತ್ತೆ ಇಳಿಸಬೇಕು, ಅದು ಕ್ರಮ. ಅಷ್ಟು ಜನರ ಎದುರು ಕ್ರಮ ಯಾರಿಗೆ ನೆನಪಿರುತ್ತದೆ? ಒಂದೇ ಉಸಿರಿಗೆ ಇಳಿಸಿಬಿಟ್ಟೆ. ಬೈರಿಗೆ ತನ್ನನ್ನು ತಾನೇ ಮೊಳೆಯ ಹಾಗೆ ನೆಲಕ್ಕೆ ಬಿಗಿದುಕೊಂಡು, ಎಷ್ಟು ಎತ್ತಿದರೂ ಬರಲೊಲ್ಲದು. ಟ್ರಾಕ್ಟರಿನ ಮುಂದಿನ ಚಕ್ರ ಒಂದು ಮೊಳ ಮೇಲೆದ್ದಿತು, ಹಾರವೂ ನಿಂಬೆಯೂ ಉರುಳಿದವು. ಕೊನೆಗೆ ಆ ಹತ್ತು ಜನ, ಯಾರನ್ನು ಮನೆಗೆ ಕಳಿಸಲು ಆ ಯಂತ್ರ ಬಂದಿತ್ತೋ ಅದೇ ಹತ್ತು ಜನ, ಸುತ್ತ ಹಾರೆ ಹಾಕಿ ಅಗೆದು ಬೈರಿಗೆಯನ್ನು ಬಿಡಿಸಿದರು. "ಗಾಡಿ ಬೇರು ಬಿಡ್ತು ಸ್ವಾಮಿ, ನೀರು ಹಾಕ್ಲಾ?" ಎಂದ ಪಿಳ್ಳಪ್ಪ. ಸಾಹೇಬರು ಕೂಡ ನಕ್ಕರು.

ಆಮೇಲೆ ಕೈ ಪಳಗಿತು. ಅಬ್ಬಾ, ಆ ಸುಖ! ಗಟ್ಟಿ ಆಳು ದಿನಕ್ಕೆ ನಾಲ್ಕು ಗುಂಡಿ ತೆಗೆದರೆ ಹೆಚ್ಚು. ನಾನು ಊಟದ ಹೊತ್ತಿಗೆ ಇಪ್ಪತ್ತು ಮುಗಿಸಿ ಬೀಡಿ ಸೇದದಿದ್ದರೂ ಸೇದುವವನಂತೆ ಕಾಲ ಮೇಲೆ ಕಾಲು ಹಾಕಿ ಕೂತೆ. ಗುಂಡಿಗಳೋ, ದಾರ ಹಿಡಿದು ಗೆರೆ ಎಳೆದ ಹಾಗೆ ದುಂಡು, ಒಳಗೋಡೆ ಲೋಟದ ಹಾಗೆ ನುಣುಪು. ಮುಂಗಾರು ಆಗತಾನೇ ಬಿದ್ದು ಮಣ್ಣು ಅಂಟಂಟಾಗಿತ್ತು. ಮೂವತ್ತೆರಡು ಬೇವಿನ ಸಸಿಗಳನ್ನು ಎರಡೇ ದಿನದಲ್ಲಿ ನೆಟ್ಟೆವು. ನಾನು ಅಮ್ಮನಿಗೆ ಕಾಗದ ಬರೆದೆ: ನಿನ್ನ ಮಗ ಒಂದು ಕಾಡು ನೆಟ್ಟಿದ್ದಾನೆ.

ಕಾಡು ಮೂರು ವಾರದಲ್ಲಿ ಹಳದಿಯಾಯಿತು. ಒಂದಲ್ಲ, ಎರಡಲ್ಲ, ಸಾಲಿಗೆ ಸಾಲೇ ಎಲೆ ಜೋಲು ಬಿಟ್ಟಿತು. ನೀರು ಸಾಲದೇನೋ ಎಂದು ಇನ್ನೂ ಹಾಕಿಸಿದೆ, ಇನ್ನೂ ಬಾಡಿತು. ಸಸಿ ಕೊಟ್ಟ ನರ್ಸರಿಯವರನ್ನು ಬೈದೆ, ಗೊಬ್ಬರದವನನ್ನು ಬೈದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನಂತೂ ನೆಲವನ್ನೇ ಬೈದೆ. "ದರಿದ್ರ ಮಣ್ಣು, ಇಲ್ಲಿ ಏನೂ ಬರಲ್ಲ" ಎಂದೆ, ಪಿಳ್ಳಪ್ಪನ ಎದುರಿಗೆ. ಅವನ ಮುಖ ಬಿಗಿಯಿತು. ಅಷ್ಟು ದಿನ ದೂರದಲ್ಲಿ ಕೂತು ನೋಡುತ್ತಿದ್ದವನು ಎದ್ದು ಬಂದು ಒಂದು ಸಸಿಯನ್ನು ಮೆಲ್ಲಗೆ ಕಿತ್ತು, ಗುಂಡಿಗೆ ತುಂಬಿದ್ದ ಸಡಿಲ ಮಣ್ಣನ್ನು ಎತ್ತಿ ಹಾಕಿದ. ಗುಂಡಿಯ ತಳದಲ್ಲಿ ನೀರು ಹಾಗೇ ನಿಂತಿತ್ತು. ಬೇರಿನ ತುದಿಗಳು ಕಪ್ಪಗೆ ಕೊಳೆತು ನಾರುತ್ತಿದ್ದವು. ಕೊಳೆಯದೆ ಉಳಿದ ಒಂದೆರಡು ಬೇರು ಗೋಡೆಯ ತನಕ ಹೋಗಿ, ಒಳಗೆ ನುಗ್ಗಲಾಗದೆ, ಸುತ್ತು ಹೊಡೆದಿದ್ದವು.

ಪಿಳ್ಳಪ್ಪ ನನ್ನ ಕೈ ಹಿಡಿದು ಗುಂಡಿಯೊಳಗೆ ಇಳಿಸಿ ಗೋಡೆಯ ಮೇಲೆ ಸವರಿಸಿದ. "ನುಣ್ಣಗೈತಾ?"

"ಹೂಂ."

"ಇದು ಗಿಡದ ಗುಂಡಿ ಅಲ್ಲ ಸ್ವಾಮಿ. ಹಗೇವು."

ಹಗೇವು ನೋಡಿದ್ದೀರಾ? ಈಗ ಯಾರು ನೋಡಿರುತ್ತಾರೆ. ರಾಗಿ ತುಂಬಿಡಲು ನೆಲದೊಳಗೆ ತೆಗೆಯುವ ಗುಡಾಣದಂಥ ಗುಂಡಿ ಅದು. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಮೇಲೆ ಚಪ್ಪಡಿ. ವರ್ಷಗಟ್ಟಲೆ ಇಟ್ಟರೂ ಒಳಗಿನ ರಾಗಿ ಕೆಡುವುದಿಲ್ಲ, ಮೊಳೆಯುವುದಿಲ್ಲ. ಚಪ್ಪಡಿ ತೆಗೆದ ಕೂಡಲೇ ಇಳಿದರೆ ಉಸಿರು ಕಟ್ಟುತ್ತದೆಂದು ಹೊತ್ತು ಕಾದು ಇಳಿಯುತ್ತಾರೆ. ಪಿಳ್ಳಪ್ಪನ ಅಪ್ಪ, ತಾತ ಸುತ್ತ ಹತ್ತು ಹಳ್ಳಿಗೆ ಹಗೇವು ತೋಡಿಕೊಟ್ಟವರು. ಅವನೂ ಚಿಕ್ಕಂದಿನಲ್ಲಿ ಒಳಗಿಳಿದು ಗೋಡೆ ತಿಕ್ಕಿದವನು.

"ಗೋಡೆ ನುಣ್ಣಗೆ ಬಡಿದು ತಿಕ್ಕೋದೇ ಯಾತಕ್ಕೆ? ಹೊರಗಿನ ಥಂಡಿ ಒಳಗೆ ಬರಬಾರ್ದು, ಬೇರು ನುಗ್ಗಬಾರ್ದು ಅಂತ. ನಿಮ್ಮ ಬೈರಿಗೆ ತಿರುಗಿ ತಿರುಗಿ ಅದನ್ನೇ ಮಾಡೈತೆ. ಒಳಗಿನ ನೀರು ಹೊರಗೆ ಹೋಗಲ್ಲ, ಒಳಗಿನ ಬೇರು ಹೊರಗೆ ಹೋಗಲ್ಲ. ಇದ್ರಲ್ಲಿ ರಾಗಿ ಇಡಿ, ಮೊಮ್ಮಕ್ಕಳ ಕಾಲಕ್ಕೂ ಕೆಡಲ್ಲ. ಗಿಡ ಇಟ್ರೆ ಸಾಯ್ತದೆ."

ಡಿಪ್ಲೊಮಾ ಮಾಡಿದವನು ನಾನು. ಯಾವ ಪುಸ್ತಕದಲ್ಲೂ ಇದನ್ನು ಓದಿರಲಿಲ್ಲ, ಓದಿದ್ದರೂ ಪರೀಕ್ಷೆ ಮುಗಿದ ಮಧ್ಯಾಹ್ನವೇ ಮರೆತಿದ್ದೆ. ಪಿಳ್ಳಪ್ಪ ಹಾರೆ ತೆಗೆದುಕೊಂಡು ಗುಂಡಿಯ ಗೋಡೆಯನ್ನು ಮೇಲಿಂದ ಕೆಳಗೆ ಗೀರಿದ, ಅಲ್ಲಲ್ಲಿ ಒಳಕ್ಕೆ ಚುಚ್ಚಿ ಬಾಯಿ ತೆರೆದ, ತಳವನ್ನು ಒಡೆದ. ನೋಡನೋಡುತ್ತ ನಿಂತ ನೀರು ಗುಟುಕ್ಕೆಂದು ಇಳಿದುಹೋಯಿತು. ನನ್ನ ಎದೆ ಹಗುರಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ತಡೆಯಲಾರದೆ ಕೇಳಿದೆ, "ಪಿಳ್ಳಪ್ಪ, ನೀವು ಸುಮ್ಮನಿದ್ದಿದ್ರೆ ಗಿಡ ಹೋಗ್ತಿತ್ತು, ಮೆಷೀನೂ ಹೋಗ್ತಿತ್ತು. ನಿಮ್ಮ ಹತ್ತು ಜನಕ್ಕೆ ಕೆಲಸ ಉಳೀತಿತ್ತು. ಯಾಕೆ ಹೇಳಿದ್ರಿ?" ಅಲ್ಲಿಯವರೆಗೆ ನಾನು ಅವನನ್ನು ನೀನು ಎನ್ನುತ್ತಿದ್ದೆ. ನೀವು ಎಂದು ಬಾಯಿಗೆ ಬಂದದ್ದು ಅವತ್ತೇ.

ಅವರು ಟವಲಿನಿಂದ ಹಾರೆಯ ಮಣ್ಣು ಒರೆಸುತ್ತ ಅಂದರು, "ಸುಮ್ನೇ ಇರೋಣ ಅಂತಲೇ ಇದ್ದೆ. ನೀವು ಮಣ್ಣನ್ನ ಬೈದ್ರಿ. ಇದು ನಮ್ಮ ಹೊಲ ಸ್ವಾಮಿ. ನಮ್ಮಪ್ಪ ಇದ್ರಲ್ಲಿ ಗೇಣುದ್ದ ತೆನೆ ತೆಗ್ದವ್ನೆ. ನಾಳೆ ಇಲ್ಲಿ ಓಡಾಡೋರು ಪಿಳ್ಳಪ್ಪನ ಹೊಲದಲ್ಲಿ ಬೇವೂ ಬರ್ಲಿಲ್ಲ ಅನ್ನಬಾರ್ದು."

ಆಗ ನಾವಿಬ್ಬರೂ ಸೇರಿ ಒಂದು ಏರ್ಪಾಡು ಮಾಡಿಕೊಂಡೆವು. ಬೈರಿಗೆ ತೋಡಬೇಕು, ಹಾರೆ ಗೀರಬೇಕು. ಒಂದೊಂದು ಗುಂಡಿಗೂ ಒಬ್ಬೊಬ್ಬರು ಹಾರೆ ಇಳಿಸಿ ಗೋಡೆಯ ನುಣುಪು ಮುರಿದ ಮೇಲೇ ಗಿಡ. ಮೂವತ್ತೆರಡು ಸಸಿಗಳನ್ನೂ ಎತ್ತಿ ಮತ್ತೆ ನೆಟ್ಟೆವು. ಪಿಳ್ಳಪ್ಪ ಪ್ರತಿ ಗುಂಡಿಗೂ ಕೈಯಿಳಿಸಿ ಸವರುತ್ತಿದ್ದರು, ನುಣುಪು ಸಿಕ್ಕರೆ "ಇನ್ನೊಂಚೂರು ಗೀರು" ಎನ್ನುತ್ತಿದ್ದರು. ಮೂರು ಸಸಿ ಕೈ ಬಿಟ್ಟವು. ಉಳಿದವು ದೀಪಾವಳಿಯ ಹೊತ್ತಿಗೆ ತಾಮ್ರದ ಬಣ್ಣದ ಚಿಗುರು ಹೊತ್ತು ನಿಂತವು. ಆ ಚಿಗುರು ಕಂಡ ದಿನ ನಾನು ಸೈಕಲ್ಲಿನ ಗಂಟೆ ಬಾರಿಸುತ್ತ ಈ ರಸ್ತೆಯನ್ನು ಆರು ಸಲ ಸುತ್ತಿದ್ದೇನೆ.

ಕಥೆ ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಸಾಹೇಬರು ನೋಡಲು ಬಂದರು. ಸಾಲು ನೋಡಿ ಖುಷಿಯಾದರು, ಗುಂಡಿ ಗೀರಿದ್ದನ್ನು ಕೇಳಿ ಇನ್ನೂ ಖುಷಿಯಾದರು. "ಭೇಷ್! ಇನ್ನು ಮೇಲೆ ಮೆಷೀನಿನ ಜೊತೆ ಈ ಹತ್ತು ಜನಾನೂ ಇರಲಿ. ಯಾರದಯ್ಯ ಈ ಐಡಿಯಾ? ನೀನೇ ಕಂಡುಹಿಡಿದಿದ್ದಾ?" ಪಿಳ್ಳಪ್ಪ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ನನ್ನ ಬಾಯಿ ನನ್ನನ್ನು ಕೇಳಲಿಲ್ಲ. "ಹೌದು ಸಾರ್, ನಾನೇ" ಎಂದಿತು. ಪಿಳ್ಳಪ್ಪ ಟವಲನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡರು, ಅಷ್ಟೇ. ಕುಂಬಳಕಾಯಿ ಕಳ್ಳನ ಹಾಗೆ ನಾನು ನನ್ನ ಹೆಗಲು ಮುಟ್ಟಿ ನೋಡಿಕೊಂಡೆ.

ಮಾರನೆಯ ದಿನ ತಪ್ಪಾಯಿತು ಎನ್ನಲು ಹೋದೆ. ಮಾತು ಮುಗಿಸಲು ಬಿಡಲಿಲ್ಲ. "ನನ್ನ ಹೆಸ್ರು ಹೇಳಿದ್ರೆ ಸಾಹೇಬ್ರು ಕೇಳ್ತಿದ್ರಾ? ಕೆಲಸ ಆಯ್ತಲ್ಲ, ಬಿಡಿ" ಎಂದರು. ನಾನು ಬಿಟ್ಟೆ. ಬಿಡುವುದು ನನಗೂ ಅನುಕೂಲವಾಗಿತ್ತು. ಸಾಹೇಬರು ನಿವೃತ್ತರಾದರು, ಪಿಳ್ಳಪ್ಪ ತೀರಿಕೊಂಡರು, ನಾನು ಇದೇ ರಸ್ತೆಯಲ್ಲಿ ಮನೆ ಮಾಡಿದೆ. ಅವರ ಹೆಸರು ಹೇಳಿದರೆ ಕೇಳದೆ ಹೋಗುವ ಸಾಹೇಬರು ಯಾರೂ ಉಳಿಯಲಿಲ್ಲ, ಆದರೂ ನಾನು ಹೇಳಲಿಲ್ಲ. ಪ್ರತಿ ಯುಗಾದಿಗೆ ಜನ ಬೇವಿನ ಹೂವಿಗೆ ಬರುತ್ತಾರೆ. ಗೇಟಿನಲ್ಲಿ ನಿಂತು "ಎಲ್ಲಾ ನಾನು ನೆಟ್ಟ ಮರ, ಬೇಕಾದಷ್ಟು ಕಿತ್ಕೊಳ್ಳಿ" ಎನ್ನುತ್ತೇನೆ. ಹೆಂಡತಿ ಇದನ್ನು ನನ್ನ ವಾರ್ಷಿಕ ಭಾಷಣ ಎನ್ನುತ್ತಾಳೆ. ಹೆಮ್ಮೆ ಸುಳ್ಳಲ್ಲ, ಆ ಸಾಲಿನ ಕೆಳಗೆ ನಡೆದರೆ ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಹೆಮ್ಮೆಯ ಅರ್ಧ ಭಾಗ ನನ್ನದಲ್ಲ ಎಂಬುದೂ ಪ್ರತಿ ಯುಗಾದಿಗೂ ನೆನಪಾಗುತ್ತದೆ, ಬೇವಿನ ಹೂವು ಬಾಯಿಗೆ ಹಾಕಿಕೊಳ್ಳುವಾಗ.

ಇವತ್ತು ಬೆಳಿಗ್ಗೆ ಗುಂಡಿ ಮುಗಿದು ಡ್ರೈವರು ಸಸಿ ಎತ್ತಿಕೊಂಡ. ಇಪ್ಪತ್ತೈದರ ಯುವಕ, ಕಿವಿಯಲ್ಲಿ ಹಾಡು ಕೇಳುವ ಇಯರ್‌ಫೋನಿನ ಗುಬಟು. ನಾನು ತಡೆದೆ. ಸೊಂಟ ಹಿಡಿದುಕೊಂಡು ಕೂತು ಗುಂಡಿಗೆ ಕೈಯಿಳಿಸಿದೆ. ನುಣ್ಣಗಿತ್ತು, ಅರವತ್ತು ವರ್ಷ ಕಳೆದರೂ ಬೈರಿಗೆ ಏನೂ ಕಲಿತಿರಲಿಲ್ಲ. "ಬಾಪ್ಪ, ಕೈ ಹಾಕಿ ನೋಡು" ಎಂದು ಅವನ ಕೈಯನ್ನೂ ಸವರಿಸಿ, ನೀರು ಏಕೆ ನಿಲ್ಲುತ್ತದೆ, ಬೇರು ಏಕೆ ಸುತ್ತುತ್ತದೆ ಎಂದು ಹೇಳಿದೆ. ಹಗೇವು ಎಂಬ ಮಾತು ಅವನಿಗೆ ಗೊತ್ತಿರಲಿಲ್ಲ. ವಿಷಯ ಮಾತ್ರ ಒಂದೇ ಸಲಕ್ಕೆ ಗೊತ್ತಾಯಿತು. ಕಿವಿಯ ಗುಬಟು ತೆಗೆದು ಜೇಬಿಗಿಟ್ಟುಕೊಂಡ.

"ಸೂಪರ್ ಅಂಕಲ್! ನೀವೇ ಕಂಡುಹಿಡಿದಿದ್ದಾ?"

ಅದೇ ಪ್ರಶ್ನೆ, ಅದೇ ಜಾಗ. ಬಾಯಿ ಹಳೆಯ ಅಭ್ಯಾಸದಂತೆ ತೆರೆದುಕೊಂಡಿತು. ಈ ಸಲ ನಾನು ಅದಕ್ಕಿಂತ ಸ್ವಲ್ಪ ಮುಂಚೆ ಎಚ್ಚರಾದೆ.

"ಅಲ್ಲಪ್ಪ. ಪಿಳ್ಳಪ್ಪ ಅಂತ, ಪುಟ್ಟೇನಹಳ್ಳಿಯವರು. ನೀನು ಟ್ರಾಕ್ಟರ್ ನಿಲ್ಲಿಸಿದ್ದೀಯಲ್ಲ, ಇದು ಅವರ ಹೊಲ. ಇಲ್ಲಿರೋ ಮರಗಳೆಲ್ಲ ಉಳಿದಿದ್ದು ಅವರಿಂದ."

ಹುಡುಗ ತಲೆಯೆತ್ತಿ ಸಾಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ವಿಡಿಯೋ ಮಾಡುತ್ತಿದ್ದವರೂ ನೋಡಿದರು. ಮನೆಯ ಗೇಟಿನಲ್ಲಿ ಹೆಂಡತಿ ಎರಡನೇ ಲೋಟ ಕಾಫಿ ಹಿಡಿದು ನಿಂತಿದ್ದಳು. ನನ್ನ ವಾರ್ಷಿಕ ಭಾಷಣದ ಈ ಭಾಗವನ್ನು ಅವಳು ಕೇಳಿದ್ದು ಇದೇ ಮೊದಲು.

ಹುಡುಗ ಟ್ರಾಕ್ಟರಿನಿಂದ ಒಂದು ಕಬ್ಬಿಣದ ಸಲಾಕೆ ತಂದ. ಮಂಡಿಯೂರಿ ಗೋಡೆಯನ್ನು ಗೀರಿದ, ಚುಚ್ಚಿದ, ತಳ ಒಡೆದ. ಮುಖದ ಬೆವರು ಒರೆಸಿಕೊಂಡು ಕೇಳಿದ, "ಸಾಕಾ ಅಂಕಲ್? ನಿಮ್ಮ ಪಿಳ್ಳಪ್ಪ ಒಪ್ತಾರಾ?"

ನಾನು ಕೈಯಿಳಿಸಿ ಸುತ್ತಲೂ ಸವರಿದೆ. ಒಂದು ಕಡೆ ಅಂಗೈಯಗಲದ ನುಣುಪು ಇನ್ನೂ ಉಳಿದಿತ್ತು.

"ಇನ್ನೊಂಚೂರು ಗೀರು" ಎಂದೆ.